ಹಳೆಯ ಪೇಟೆಯ ಜಗಲಿ ಮತ್ತು ಸೂರು ಉಳಿಯಲಿ

ಮಾನ್ಯ ಸಂಪಾದಕರೇ,

ವಿರಾಜಪೇಟೆಯ ಹಳೆಯ ಬೀದಿಯೊಂದರಲ್ಲಿ ನಮ್ಮ ಮನೆತನದವರು ಜವಳಿ ವ್ಯಾಪಾರ ನಡೆಸುತ್ತಿದ್ದ ಅಂಗಡಿಗೆ ತಾಗಿಕೊಂಡಿದ್ದ ಹೆಂಚಿನ ಕಟ್ಟಡವನ್ನು ಹೋದ ವರ್ಷದ ಬೇಸಿಗೆಯಲ್ಲಿ ಕೆಡವಲಾಯಿತು. ಈಗ ಅಲ್ಲಿ ರಸ್ತೆಯ ಅಂಚಿನಿಂದಲೇ ಮೇಲೆದ್ದ ಮೂರು ಅಂತಸ್ತಿನ ಕಾಂಕ್ರೀಟ್ ಮಳಿಗೆ ನಿಂತಿದೆ. ಅದರ ಮಾಲೀಕರನ್ನು ದೂರುವುದಕ್ಕಾಗಿ ನಾನು ಈ ಪತ್ರ ಬರೆಯುತ್ತಿಲ್ಲ. ಗೆದ್ದಲು ಹಿಡಿದ ತೊಲೆಗಳನ್ನು ಬದಲಿಸುವ ಖರ್ಚು, ಅಣ್ಣತಮ್ಮಂದಿರ ನಡುವೆ ಆಗಬೇಕಾದ ಪಾಲು, ಬ್ಯಾಂಕಿನ ಸಾಲ, ಇವೆಲ್ಲ ಏನೆಂಬುದು ಅದೇ ಬೀದಿಯಲ್ಲಿ ಬೆಳೆದ ನನಗೆ ತಿಳಿಯದ ವಿಷಯವಲ್ಲ. ಆದರೆ ಈ ಸಲ ಮುಂಗಾರು ಹಿಡಿದ ದಿನ ನಮ್ಮ ಜಗಲಿಯ ಮೇಲೆ ನಿಂತು ನಾನು ಕಂಡದ್ದನ್ನು ಹೇಳದೆ ಇರಲಾರೆ. ಸಂತೆಗೆ ಬಂದಿದ್ದ ಹೆಂಗಸೊಬ್ಬರು ತಲೆಯ ಮೇಲೆ ಗಂಟು, ಸೊಂಟದಲ್ಲಿ ಮಗು ಇಟ್ಟುಕೊಂಡು ಒಂದು ಅಂಗಡಿಯ ಸೂರಿನಿಂದ ಇನ್ನೊಂದು ಅಂಗಡಿಯ ಸೂರಿಗೆ ದಾಟುತ್ತ, ಮೈಗೆ ಒಂದು ಹನಿಯೂ ತಾಗದಂತೆ ನಮ್ಮ ಜಗಲಿಯವರೆಗೆ ಬಂದರು. ಮುಂದೆ ಕಾಲಿಡಲು ಜಗಲಿ ಇರಲಿಲ್ಲ, ತಲೆಯ ಮೇಲೆ ಸೂರೂ ಇರಲಿಲ್ಲ. ಸ್ವಲ್ಪ ಹೊತ್ತು ನಿಂತು ನೋಡಿ, ಮಗುವಿನ ತಲೆಗೆ ಸೆರಗು ಹೊದಿಸಿ, ವಾಹನಗಳ ನಡುವೆ ರಸ್ತೆಗಿಳಿದು ನಡೆದರು.

ನೂರಕ್ಕೂ ಹೆಚ್ಚು ವರ್ಷಗಳ ಕಾಲ ನಮ್ಮ ಪೇಟೆಯ ಜನ ಮಳೆಯಲ್ಲಿ ನಡೆದಾಡಿದ್ದು ಆ ಸೂರಿನ ಕೆಳಗೆ. ಯಾರೂ ಸರಕಾರದ ಆದೇಶದಿಂದ ಅದನ್ನು ಕಟ್ಟಿಸಿರಲಿಲ್ಲ. ಪ್ರತಿಯೊಬ್ಬ ವ್ಯಾಪಾರಿಯೂ ತನ್ನ ಅಂಗಡಿಯ ಮುಂದೆ ನಾಲ್ಕೈದು ಅಡಿ ಜಾಗ ಬಿಟ್ಟು, ಅದರ ಮೇಲೆ ಮಾಡನ್ನು, ಅಂದರೆ ಚಾವಣಿಯನ್ನು, ಇಳಿಬಿಟ್ಟು ಕಟ್ಟಿದ್ದರಿಂದ ಅದು ತಾನಾಗಿಯೇ ಬೀದಿಯುದ್ದಕ್ಕೂ ಕೂಡಿಕೊಂಡಿತ್ತು. ಅದು ಹೇಗೆ ಬಂತು, ಅದರಿಂದ ಏನೆಲ್ಲ ನಡೆಯುತ್ತಿತ್ತು ಎಂಬುದನ್ನು ತಮ್ಮ ಓದುಗರ ಮುಂದಿಟ್ಟು, ಅದನ್ನು ಉಳಿಸಿಕೊಳ್ಳುವ ಒಂದು ದಾರಿಯನ್ನೂ ಸೂಚಿಸುವುದು ಈ ಪತ್ರದ ಉದ್ದೇಶ.

ಕೊಡಗಿನಲ್ಲಿ ಪೇಟೆ ಎಂಬುದು ತಾನಾಗಿ ಹುಟ್ಟಿಕೊಂಡದ್ದಲ್ಲ. ಇಲ್ಲಿಯ ಕೊಡವರು ಮತ್ತು ಇತರ ಒಕ್ಕಲು ಮನೆತನದವರು ತಮ್ಮ ತಮ್ಮ ಗದ್ದೆ ಮತ್ತು ಗದ್ದೆಗೆ ಸೇರಿದ ಕಾಡುಭೂಮಿಯಾದ ಬಾಣೆಗಳ ನಡುವೆ ಒಂದಕ್ಕೊಂದು ದೂರವಾಗಿ ಮನೆ ಕಟ್ಟಿಕೊಂಡು ಬದುಕಿದವರು. ಬಯಲುಸೀಮೆಯಂತೆ ಮನೆಗೆ ಮನೆ ತಾಗಿದ ಊರು ಇಲ್ಲಿ ಅಪರೂಪವಾಗಿತ್ತು. ಹಾಗಾಗಿ ಉಪ್ಪು, ಬಟ್ಟೆ, ಕಬ್ಬಿಣ, ಒಣಮೀನು ಸಿಗುವ ಜಾಗವನ್ನು ಅರಸರೇ ಕಟ್ಟಿಸಬೇಕಾಯಿತು, ಇಲ್ಲವೇ ವಾರಕ್ಕೊಮ್ಮೆ ಸೇರುವ ಸಂತೆಯೇ ಪೇಟೆಯಾಗಿ ಬೆಳೆಯಬೇಕಾಯಿತು. ಸೋಮವಾರಪೇಟೆ, ಶನಿವಾರಸಂತೆ ಎಂಬ ಹೆಸರುಗಳಲ್ಲೇ ಆ ಚರಿತ್ರೆ ಇದೆ. ನಮ್ಮ ಊರು ಮೊದಲನೆಯ ಬಗೆಯದು. 1791ರಲ್ಲಿ ಟಿಪ್ಪು ಸುಲ್ತಾನನ ವಿರುದ್ಧ ಶ್ರೀರಂಗಪಟ್ಟಣದ ಕಡೆಗೆ ಹೊರಟಿದ್ದ ಇಂಗ್ಲಿಷರ ಬೊಂಬಾಯಿ ಸೈನ್ಯದ ಜನರಲ್ ಅಬರ್‌ಕ್ರೋಂಬಿಯೊಂದಿಗೆ ತಮಗಾದ ಭೇಟಿಯ ನೆನಪಿಗಾಗಿ ದೊಡ್ಡ ವೀರರಾಜೇಂದ್ರ ಅರಸರು 1792ರಲ್ಲಿ ಈ ಪೇಟೆಯನ್ನು ಕಟ್ಟಿಸಿದರು. ವೀರರಾಜೇಂದ್ರಪೇಟೆ ಎಂಬ ಹೆಸರು ಬಾಯಿಂದ ಬಾಯಿಗೆ ಸವೆದು ವಿರಾಜಪೇಟೆಯಾಯಿತು. ಪೇಟೆ ಕಟ್ಟಿದ ಮೇಲೆ ಅದರಲ್ಲಿ ಜನ ಕೂಡಬೇಕಲ್ಲ? ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಮಾತಿನ ಕ್ರೈಸ್ತರಿಗೆ ಅರಸರು ಇಲ್ಲಿ ನೆಲೆ ಕೊಟ್ಟರು. ತೆಲುಗರ ಬೀದಿ, ಜೈನರ ಬೀದಿ ಎಂದು ಇಂದಿಗೂ ನಾವು ಕರೆಯುವ ಹೆಸರುಗಳು ಯಾರು ಯಾರು ಬಂದು ಇಲ್ಲಿ ಅಂಗಡಿ ಇಟ್ಟರೆಂಬುದನ್ನು ಹೇಳುತ್ತವೆ. ಮಲಬಾರಿನ ಕಡೆಯಿಂದ ಮಾಪಿಳ್ಳೆ ಮುಸ್ಲಿಂ ವ್ಯಾಪಾರಿಗಳೂ ಮೈಸೂರು ಸೀಮೆಯಿಂದ ಲಿಂಗಾಯತರೂ ಬಂದರು. ಅವರವರ ಮನೆಯ ಮಾತು ಬೇರೆ ಬೇರೆಯಾಗಿದ್ದರೂ ಅಂಗಡಿಯ ಲೆಕ್ಕ, ಪೇಟೆಯ ವ್ಯವಹಾರ ಕನ್ನಡದಲ್ಲಿ ನಡೆಯಿತು.

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ಬೀದಿಯ ವ್ಯಾಪಾರವೆಂದರೆ ಮುಖ್ಯವಾಗಿ ಅಕ್ಕಿ ಮತ್ತು ಉಪ್ಪಿನದು. ಕೊಡಗಿನ ಗದ್ದೆಯ ಅಕ್ಕಿ ಘಟ್ಟ ಇಳಿದು ಮಲಬಾರಿಗೆ ಹೋಗುತ್ತಿತ್ತು. ಕರಾವಳಿಯ ಉಪ್ಪು ಹೇರೆತ್ತುಗಳ ಬೆನ್ನ ಮೇಲೆ ಘಟ್ಟ ಏರಿ ಬರುತ್ತಿತ್ತು. ಗಾಡಿ ಓಡುವ ಘಾಟಿ ರಸ್ತೆ ಇನ್ನೂ ಆಗಿರಲಿಲ್ಲ. ಎತ್ತಿನ ಬೆನ್ನಿನಿಂದ ಗೋಣಿಯನ್ನು ನೇರವಾಗಿ ಇಳಿಸಿಕೊಳ್ಳಬೇಕಾದರೆ ಅಂಗಡಿಯ ಮುಂದಿನ ಕಟ್ಟೆ ಎತ್ತಿನ ಪಕ್ಕೆಯ ಮಟ್ಟಕ್ಕೆ ಹತ್ತಿರವಾಗಿರಬೇಕು. ನಮ್ಮ ಜಗಲಿಗಳು ರಸ್ತೆಯ ಮಟ್ಟದಿಂದ ಅಷ್ಟು ಎತ್ತರದಲ್ಲಿರುವುದಕ್ಕೆ ಮಳೆನೀರೊಂದೇ ಕಾರಣವಲ್ಲ, ಇದೂ ಒಂದು ಕಾರಣ ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ಅವರ ಮಾತು ಸರಿ ಎಂದೇ ನನಗೂ ಅನ್ನಿಸುತ್ತದೆ, ಏಕೆಂದರೆ ಬರೀ ಮಳೆನೀರಿಗಾದರೆ ಒಂದೂವರೆ ಅಡಿ ಸಾಕಾಗುತ್ತಿತ್ತು.

1834ರಲ್ಲಿ ಚಿಕ್ಕ ವೀರರಾಜೇಂದ್ರ ಅರಸರನ್ನು ಇಳಿಸಿ ಕಂಪನಿ ಸರಕಾರ ಕೊಡಗನ್ನು ವಶಪಡಿಸಿಕೊಂಡಿತು. 1854ರಲ್ಲಿ ಫೌಲರ್ ಎಂಬವರು ಮಡಿಕೇರಿಯ ಬಳಿ ಯುರೋಪಿಯನ್ನರ ಮೊದಲ ಕಾಫಿ ತೋಟವನ್ನು ಮಾಡಿದರು. ಆಮೇಲಿನ ಕೆಲವೇ ವರ್ಷಗಳಲ್ಲಿ ಕಾಡು ಕಡಿದು ತೋಟ ಮಾಡುವ ಭರಾಟೆ ಎದ್ದಿತು. ಪೇಟೆಯ ಬೀದಿ ನಿಜಕ್ಕೂ ತುಂಬಿಕೊಂಡದ್ದು ಆಗ. ತೋಟದ ಕೆಲಸಕ್ಕೆ ಮೈಸೂರು ಸೀಮೆಯಿಂದ ಮೇಸ್ತ್ರಿಗಳ ಹಿಂದೆ ಮುಂಗಡ ಪಡೆದು ಬಂದ ಆಳುಗಳಿಗೆ ಅಕ್ಕಿ, ರಾಗಿ, ಕಂಬಳಿ, ಹೊಗೆಸೊಪ್ಪು ಬೇಕಾಗಿತ್ತು. ಕಾಫಿಯ ಮೂಟೆಗಳು ಎತ್ತಿನ ಗಾಡಿಗಳಲ್ಲಿ ಕಣ್ಣೂರು, ತಲಶ್ಶೇರಿ, ಮಂಗಳೂರುಗಳ ಕಡೆಗೆ ಇಳಿಯುತ್ತಿದ್ದವು. ಕೊಡಗಿಗೆ ರೈಲು ಅಂದೂ ಬರಲಿಲ್ಲ, ಇಂದಿಗೂ ಬಂದಿಲ್ಲ. ಆದ್ದರಿಂದ ಬಂದುಹೋಗುವ ಪ್ರತಿಯೊಂದು ವಸ್ತುವೂ ಪೇಟೆಯ ಬೀದಿಯ ಮೂಲಕವೇ ಗಾಡಿಯಲ್ಲಿ ಸಾಗಬೇಕಾಗಿತ್ತು. ಹಿಂದಿರುಗುವ ಗಾಡಿಗಳಲ್ಲಿ ವಿಲಾಯತಿ ಬಟ್ಟೆಯ ಥಾನು, ಬೆಂಕಿಪೆಟ್ಟಿಗೆ, ಕೊನೆಕೊನೆಗೆ ಸೀಮೆಎಣ್ಣೆಯ ಡಬ್ಬಗಳೂ ಬಂದವು. ಅವುಗಳ ಜೊತೆಗೆ ಹೆಂಚೂ ಬಂತು.

ಈ ಹೆಂಚಿನ ಬಗ್ಗೆ ಒಂದು ಮಾತು ಹೇಳಬೇಕು. ಮಂಗಳೂರಿನ ಜೆಪ್ಪುವಿನಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಅದಕ್ಕೆ ಮೊದಲು ನಮ್ಮ ಪೇಟೆಯ ಅಂಗಡಿಗಳಿಗೆ ಹುಲ್ಲಿನ ಮಾಡು ಸಾಮಾನ್ಯವಾಗಿತ್ತು. ಬೆಂಕಿ ಬಿದ್ದರೆ ಬೀದಿಗೆ ಬೀದಿಯೇ ಹೋಗುವ ಭಯ ವ್ಯಾಪಾರಿಗೆ ಸದಾ ಇರುತ್ತಿತ್ತು. ಒಂದರ ತುಟಿ ಇನ್ನೊಂದರ ತೋಡಿಗೆ ಸಿಕ್ಕಿಕೊಳ್ಳುವ ಈ ಹೊಸ ಹೆಂಚು ಗಾಳಿಗೆ ಹಾರದೆ, ಬೆಂಕಿಗೆ ಸುಡದೆ, ಮಳೆಯನ್ನು ತಡೆದು ನಿಂತಿತು. ನಮ್ಮ ಮಾಡಿನ ಹೆಂಚನ್ನು ಮಗುಚಿದರೆ ಕಾರ್ಖಾನೆಯ ಹೆಸರಿನ ಜೊತೆ 1865 ಎಂಬ ಅಚ್ಚು ಕಾಣುತ್ತದೆ. ಇದನ್ನು ನೋಡಿ ತಮ್ಮ ಅಂಗಡಿಯನ್ನು ಆ ವರ್ಷದಲ್ಲೇ ಕಟ್ಟಿದ್ದೆಂದು ಹೇಳುವವರು ನಮ್ಮ ಬೀದಿಯಲ್ಲಿ ಹಲವರಿದ್ದಾರೆ. ಅದು ಕಾರ್ಖಾನೆ ಶುರುವಾದ ವರ್ಷವೇ ಹೊರತು ಹೆಂಚು ಸುಟ್ಟ ವರ್ಷವಲ್ಲ. ಆದರೂ ಅಚ್ಚಿನಿಂದ ಒಂದು ಸುಳಿವು ಸಿಗುತ್ತದೆ. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಗೆ ಹೋದವು, ಹೆಂಚಿನ ಮೇಲಿನ ಹೆಸರೂ ಬದಲಾಯಿತು. ಮಿಷನ್ ಹೆಸರಿರುವ ಹೆಂಚು ಕಂಡರೆ ಅದು ಅದಕ್ಕಿಂತ ಹಿಂದಿನದೆಂದು ತಿಳಿಯಬಹುದು. ಹೋದ ವರ್ಷ ಪಕ್ಕದ ಕಟ್ಟಡದಿಂದ ಇಳಿಸಿ ಲಾರಿಗೆ ತುಂಬಿದ ಹೆಂಚುಗಳಲ್ಲಿ ಅಂಥವು ಎಷ್ಟೋ ಇದ್ದವು. ಅವು ಎಲ್ಲಿಗೆ ಹೋದವೆಂದು ಯಾರೂ ಬರೆದಿಡಲಿಲ್ಲ.

ಅಂಗಡಿಯ ಮುಂಭಾಗಕ್ಕೆ ಗಾಜು ಇರಲಿಲ್ಲ, ಕಬ್ಬಿಣದ ಷಟರ್ ಇರಲಿಲ್ಲ. ಹಲಗೆ ಬಾಗಿಲು ಇತ್ತು. ನಮ್ಮ ಅಂಗಡಿಯದು ಹನ್ನೊಂದು ಹಲಗೆ. ಒಂದೊಂದೂ ಸುಮಾರು ಒಂಬತ್ತು ಅಂಗುಲ ಅಗಲ, ಆಳೆತ್ತರಕ್ಕಿಂತ ಒಂದು ಗೇಣು ಹೆಚ್ಚು. ಕೆಳಗಿನ ಹೊಸ್ತಿಲಿನಲ್ಲೂ ಮೇಲಿನ ಅಡ್ಡತೊಲೆಯಲ್ಲೂ ಕೊರೆದ ತೋಡಿನೊಳಗೆ ಅವುಗಳನ್ನು ಒಂದೊಂದಾಗಿ ಸರಿಸಿ ನಿಲ್ಲಿಸುತ್ತಿದ್ದರು. ಮಳೆಗಾಲದಲ್ಲಿ ಮರ ಉಬ್ಬುವುದರಿಂದ ಹಲಗೆ ತನ್ನ ಜಾಗದಲ್ಲೇ ಕೂರಬೇಕು, ಪಕ್ಕದ್ದರ ಜಾಗದಲ್ಲಿ ಕೂರುವುದಿಲ್ಲ. ಅದಕ್ಕಾಗಿ ಪ್ರತಿಯೊಂದರ ಒಳಮೈಯಲ್ಲಿ ಉಳಿಯಿಂದ ಕನ್ನಡ ಅಂಕಿ ಕೆತ್ತಿದ್ದರು. ಏಳನೆಯ ಹಲಗೆಯಲ್ಲಿ ಮಾತ್ರ ಅಂಕಿಯ ಬದಲು ಮೂರು ಗೆರೆ ಇದೆ; ಹಳೆಯದು ಹಾಳಾದಾಗ ಹೊಸದಾಗಿ ಹಾಕಿಸಿದ್ದಂತೆ, ಹಾಗೆ ಮಾಡಿದ ಬಡಗಿಗೆ ಓದು ಬರುತ್ತಿರಲಿಲ್ಲವಂತೆ. ನನ್ನ ತಂದೆಯವರು ಬೆಳಿಗ್ಗೆ ಮೊದಲ ಹಲಗೆಯನ್ನು ತೆಗೆದು, ಜಗಲಿಗೆ ನೀರು ಚಿಮುಕಿಸಿ, ದೀಪ ಹಚ್ಚಿ, ಬೋಣಿ ಆಗುವವರೆಗೆ ಉಳಿದ ಹಲಗೆಗಳಲ್ಲಿ ಅರ್ಧವನ್ನಷ್ಟೇ ತೆಗೆಯುತ್ತಿದ್ದರು. ತೆಗೆದ ಹಲಗೆಗಳು ಸುಮ್ಮನೆ ಗೋಡೆಗೆ ಒರಗಿರುತ್ತಿರಲಿಲ್ಲ. ಎರಡನ್ನು ಜಗಲಿಯ ಮೇಲೆ ಅಡ್ಡ ಇಟ್ಟರೆ ಅದೇ ಮಾಲು ಹರಡುವ ಮೇಜು, ಅದೇ ದೂರದಿಂದ ಬಂದವರಿಗೆ ಕೂರುವ ಬೆಂಚು. ಅವುಗಳಲ್ಲೊಂದರ ಅಂಚಿಗೆ ಎರಡು ಹಿತ್ತಾಳೆಯ ಮೊಳೆ ಹೊಡೆದಿದ್ದಾರೆ. ಅವೆರಡರ ನಡುವಿನ ದೂರ ಸರಿಯಾಗಿ ಒಂದು ಗಜ. ಗಿರಾಕಿಯ ಕಣ್ಣೆದುರಿಗೇ, ಬೀದಿಯಲ್ಲಿ ಹೋಗುವ ಹತ್ತು ಜನರಿಗೂ ಕಾಣುವಂತೆ ಬಟ್ಟೆ ಅಳೆಯುತ್ತಿದ್ದರು. ಒಳಗೆ ಗದ್ದಿಗೆಯ ಮೇಲೆ ಗಲ್ಲಾ ಪೆಟ್ಟಿಗೆಯ ಹಿಂದೆ ಹಿರಿಯರು ಕುಳಿತಿರುತ್ತಿದ್ದರು.

ಲೆಕ್ಕದ ಪುಸ್ತಕದ ಮಾತು ಬಂದರೆ ಇನ್ನೊಂದು ನೆನಪಾಗುತ್ತದೆ. ಇಂದು ಸರಕಾರಿ ಕಚೇರಿಗಳಲ್ಲಿ ಫೈಲಿಗೆ ಕಡತ ಎನ್ನುತ್ತೇವೆ. ಆ ಮಾತು ಹುಟ್ಟಿದ್ದು ಕನ್ನಡನಾಡಿನ ಇಂಥ ಅಂಗಡಿಗಳಲ್ಲಿ ಮತ್ತು ಶಾನುಭೋಗರ ಮನೆಗಳಲ್ಲಿ ಬಳಕೆಯಲ್ಲಿದ್ದ ಬಟ್ಟೆಯ ಪುಸ್ತಕದಿಂದ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಸವರಿ ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಬೇಡವಾದಾಗ ಒರೆಸಿ ಮತ್ತೆ ಬರೆಯಬಹುದಿತ್ತು. ಉದ್ರಿ ತೀರಿದ ಮೇಲೆ ಗಿರಾಕಿಯ ಎದುರಿಗೇ ಅವನ ಸಾಲನ್ನು ಒರೆಸುವುದು ಜಗಲಿಯ ಮೇಲೆ ನಡೆಯುವ ಕೆಲಸವಾಗಿತ್ತು ಎಂದು ಅಜ್ಜ ತಮ್ಮ ಹಿರಿಯರಿಂದ ಕೇಳಿದ್ದರು. ಸಾಲ ತೀರಿಸಿದವನ ಮರ್ಯಾದೆಗೆ ಬೀದಿಯೇ ಸಾಕ್ಷಿಯಾಗಬೇಕೆಂಬುದು ಅದರ ಹಿಂದಿನ ವಿಚಾರ.

ಬುಧವಾರ ನಮ್ಮಲ್ಲಿ ಸಂತೆ. ತೋಟಗಳಲ್ಲಿ ಬಟವಾಡೆಯನ್ನೂ ರಜೆಯನ್ನೂ ಸಂತೆಯ ದಿನಕ್ಕೆ ಹೊಂದಿಸಿಕೊಳ್ಳುವ ಪದ್ಧತಿ ಕೊಡಗಿನಲ್ಲಿ ಬಹಳ ಹಿಂದಿನಿಂದ ಬಂದದ್ದು. ಅಂದು ಜಗಲಿಯ ಒಂದೊಂದು ತುದಿಯೂ ಒಬ್ಬೊಬ್ಬರದಾಗಿರುತ್ತಿತ್ತು. ನಮ್ಮ ಜಗಲಿಯ ಎಡತುದಿಯಲ್ಲಿ ಜೇನು, ಸೀಗೆಕಾಯಿ, ಕಾಡಿನ ಅಂಟುವಾಳ ತಂದು ಕೂರುತ್ತಿದ್ದವರು, ಬಲತುದಿಯಲ್ಲಿ ವೀಳ್ಯದೆಲೆಯವರು. ಇವರಿಗೆ ಬಾಡಿಗೆ ಇರಲಿಲ್ಲ. ಸಂಜೆ ಹೋಗುವಾಗ ಒಂದು ಕಟ್ಟು ಎಲೆಯನ್ನೋ ಒಂದು ಹಿಡಿ ಸೀಗೆಯನ್ನೋ ಹೊಸ್ತಿಲಲ್ಲಿಟ್ಟು ಹೋಗುವುದು ರೂಢಿ. ಕೈಲ್‌ಪೊಳ್ದು, ಕಾವೇರಿ ಸಂಕ್ರಮಣ, ಪುತ್ತರಿ ಹಬ್ಬಗಳು ಹತ್ತಿರ ಬಂದಾಗ ಕೊಡವ ಗಂಡಸರ ನಿಲುವಂಗಿಯಾದ ಕುಪ್ಯಕ್ಕೆ ಕಪ್ಪು ಬಟ್ಟೆ, ನಡುವಿಗೆ ಸುತ್ತುವ ಕೆಂಪು ಚೇಲೆ ಆರಿಸಲು ಮನೆಮಂದಿಯೆಲ್ಲ ಬಂದು ಗಂಟೆಗಟ್ಟಲೆ ಕೂರುತ್ತಿದ್ದರು. ಕೊಡವ ಮನೆತನದ ಮೂಲಮನೆಯಾದ ಐನ್‌ಮನೆಯ ಕಯ್ಯಾಲೆಯಲ್ಲಿ, ಅಂದರೆ ಮುಂದಿನ ಜಗಲಿಯಲ್ಲಿ, ಕಂಬದಿಂದ ಕಂಬಕ್ಕೆ ಹಾಸಿದ ಐಮರ ಎಂಬ ದಪ್ಪ ಹಲಗೆಯ ಮೇಲೆ ಹಿರಿಯರು ಕುಳಿತು ಬಂದವರನ್ನು ಮಾತನಾಡಿಸುವಂತೆಯೇ ಪೇಟೆಯಲ್ಲಿ ಆ ಕೆಲಸ ಅಂಗಡಿಯ ಜಗಲಿಯದಾಗಿತ್ತು. ಪತ್ರ ಓದಿಸಿಕೊಳ್ಳಲು, ಮದುವೆಯ ಮಾತು ಎತ್ತಲು, ಗದ್ದೆಯ ಗಡಿಜಗಳಕ್ಕೆ ಒಂದು ತೀರ್ಮಾನ ಕೇಳಲು ಜನ ಅಲ್ಲಿಗೆ ಬರುತ್ತಿದ್ದರು. ಒಳಗೆ ಕರೆದರೆ ವ್ಯಾಪಾರ ಮಾಡಲೇಬೇಕೆಂಬ ದಾಕ್ಷಿಣ್ಯ, ಬೀದಿಯಲ್ಲಿ ನಿಂತರೆ ಮಳೆ. ಜಗಲಿ ಇವೆರಡರ ನಡುವಿನದು. ಜಾಗ ಅಂಗಡಿಯವನದೇ ಆದರೂ ಕೂರುವ ಹಕ್ಕು ಎಲ್ಲರದೂ ಆಗಿತ್ತು.

ಈ ಜಗಲಿಯಲ್ಲಿ ಎಲ್ಲರಿಗೂ ಒಂದೇ ಸಮನಾದ ಸ್ವಾಗತವಿತ್ತೆಂದು ನಾನು ಹೇಳಿದರೆ ಅದು ಸುಳ್ಳಾದೀತು. ಜಾತಿಯ ಕಾರಣಕ್ಕೆ ಜಗಲಿಯ ಕೆಳಗೇ ನಿಂತು ದುಡ್ಡು ಕೊಟ್ಟು ಸಾಮಾನು ಪಡೆಯಬೇಕಾದವರು ಇದ್ದರು, ಅವರ ಕೈಗೆ ಬಟ್ಟೆಯನ್ನು ಮೇಲಿನಿಂದ ಹಾಕುತ್ತಿದ್ದರು. ನಮ್ಮ ಹಿರಿಯರೂ ಅದನ್ನು ಮಾಡಿದವರೇ. ಅದು ಹೋದದ್ದು ಒಳ್ಳೆಯದಾಯಿತು. ಇಂದು ಆ ಜಗಲಿಯ ಮೇಲೆ ಯಾರು ಬೇಕಾದರೂ ಕೂರಬಹುದು ಎನ್ನುವ ಕಾಲ ಬಂದಿರುವಾಗ ಜಗಲಿಯೇ ಹೋಗುತ್ತಿರುವುದು ನನಗೆ ಹೆಚ್ಚು ನೋವಿನ ಸಂಗತಿ.

ಈಗ ಪೇಟೆಯಲ್ಲಿ ನಡೆಯುತ್ತಿರುವುದನ್ನು ನೋಡೋಣ. ರಸ್ತೆ ಅಗಲವಾಗಬೇಕೆಂಬ ಮಾತು ಬಂದಾಗಲೆಲ್ಲ ಮೊದಲು ಹೋಗುವುದು ಅಂಗಡಿಯ ಮುಂದಿನ ಆ ನಾಲ್ಕೈದು ಅಡಿ. ವಾರಾಂತ್ಯದ ಪ್ರವಾಸಿಗರ ಕಾರುಗಳು ಹೆಚ್ಚಿವೆ, ಜಾಗ ಸಾಲುವುದಿಲ್ಲ ಎಂಬುದು ನಿಜ. ಆದರೆ ಜಗಲಿ ಕಳೆದುಕೊಂಡು ಸಿಕ್ಕ ಜಾಗದಲ್ಲಿ ನಡೆಯುವವರಿಗೆ ದಾರಿಯಾಗುವುದನ್ನು ನಾನು ಕಂಡಿಲ್ಲ. ಅಲ್ಲಿ ದ್ವಿಚಕ್ರ ವಾಹನಗಳು ನಿಲ್ಲುತ್ತವೆ. ವರ್ಷಕ್ಕೆ 3,000 ಮಿಲಿಮೀಟರಿನ ಸುಮಾರಿಗೆ ಮಳೆ ಸುರಿಯುವ ಮಡಿಕೇರಿಯಲ್ಲೂ ಇದೇ ಕಥೆ. ಹೊಸ ಮಳಿಗೆಗಳ ಸಮತಟ್ಟಾದ ತಾರಸಿ ಎರಡು ಮಳೆಗಾಲ ಕಳೆಯುವುದರೊಳಗೆ ಸೋರಲು ಶುರುವಾಗಿ, ಅದರ ಮೇಲೆ ಮತ್ತೆ ತಗಡಿನ ಮಾಡು ಹಾಕಿಸುವುದನ್ನು ಕೊಡಗಿನ ಯಾವ ಪೇಟೆಯಲ್ಲಾದರೂ ನೋಡಬಹುದು. ಇಳಿಜಾರು ಮಾಡು ಬೇಕೇ ಬೇಕೆಂದು ಮಳೆಯೇ ಹೇಳುತ್ತಿರುವಾಗ, ಆ ತಗಡನ್ನು ಇನ್ನೂ ನಾಲ್ಕು ಅಡಿ ಮುಂದಕ್ಕೆ ಇಳಿಬಿಡಲು ಏನು ಅಡ್ಡಿ? ಸೊಪ್ಪು, ಹಣ್ಣು ಮಾರುತ್ತಿದ್ದವರು ಜಗಲಿಯ ತುದಿಯಿಂದ ಚರಂಡಿಯ ಅಂಚಿಗೆ ಬಂದಿದ್ದಾರೆ. ಬೀದಿ ವ್ಯಾಪಾರಿಗಳಿಗಾಗಿ 2014ರಲ್ಲಿ ಕೇಂದ್ರ ಸರಕಾರದ ಕಾಯ್ದೆಯೇ ಬಂದಿದೆ. ಪೇಟೆಯ ಹಳೆಯ ವ್ಯವಸ್ಥೆಯಲ್ಲಿ ಅವರಿಗಿದ್ದ ನೆರಳಿನ ಜಾಗವನ್ನು ನಾವೇ ಕಿತ್ತುಹಾಕಿ, ಈಗ ಅವರನ್ನು ಎಲ್ಲಿ ಕೂರಿಸುವುದೆಂದು ಯೋಚಿಸುತ್ತಿದ್ದೇವೆ.

ಅರಮನೆ, ಕೋಟೆಗಳಿಗೆ ಪುರಾತತ್ತ್ವ ಇಲಾಖೆಗಳ ರಕ್ಷಣೆ ಇದೆ. ಈ ಪೇಟೆಯನ್ನು ಕಟ್ಟಿಸಿದ ಅರಸರೇ ಅದೇ ಕಾಲದಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯನ್ನು ನೋಡಲು ಜನ ದೂರದೂರದಿಂದ ಬರುತ್ತಾರೆ. ಅವರು ಕಟ್ಟಿಸಿದ ಪೇಟೆಯನ್ನು ಮಾತ್ರ ದಾಟಿಕೊಂಡು ಹೋಗುತ್ತಾರೆ. ಇಡೀ ಬೀದಿಯನ್ನು ಸ್ಮಾರಕ ಮಾಡಿ ಯಾರೂ ಒಂದು ಮೊಳೆ ಹೊಡೆಯಬಾರದೆಂದು ನಿರ್ಬಂಧಿಸುವುದನ್ನು ನಾನು ಒಪ್ಪುವುದಿಲ್ಲ. ಅಂಗಡಿ ಬದುಕಬೇಕಾದರೆ ಬದಲಾಗಬೇಕು. ನಾವೂ ತಂದೆಯವರ ಕೊನೆಗಾಲದಲ್ಲಿ ಹಲಗೆ ತೆಗೆದು ಷಟರ್ ಹಾಕಿಸಿದೆವು. ಅವರ ಮೊಣಕಾಲಿಗೆ ಹನ್ನೊಂದು ಹಲಗೆ ಎತ್ತುವುದು ಆಗುತ್ತಿರಲಿಲ್ಲ. ಈಗ ಆ ಅಂಗಡಿಯನ್ನು ಬಾಡಿಗೆಗೆ ಕೊಟ್ಟಿದ್ದು, ಅಲ್ಲಿ ಮೊಬೈಲ್ ಫೋನ್ ಮಾರುತ್ತಾರೆ. ಆದರೆ ಜಗಲಿಯನ್ನೂ ಸೂರನ್ನೂ ನಾವು ಮುಟ್ಟಲಿಲ್ಲ, ಬಾಡಿಗೆಯ ಕರಾರಿನಲ್ಲೂ ಅದನ್ನು ಬರೆಸಿದ್ದೇವೆ. ಅದರಿಂದ ವ್ಯಾಪಾರಕ್ಕೆ ನಷ್ಟವಾಗಿದೆ ಎಂದು ಬಾಡಿಗೆದಾರರು ಇದುವರೆಗೆ ಹೇಳಿಲ್ಲ. ಮಳೆ ಬಂದಾಗ ಅಲ್ಲಿ ನಿಲ್ಲುವ ಹತ್ತು ಜನರಲ್ಲಿ ಒಬ್ಬರಾದರೂ ಒಳಗೆ ಬರುತ್ತಾರೆಂದು ಅವರೇ ನನ್ನೊಡನೆ ಒಮ್ಮೆ ಹೇಳಿದ್ದರು.

ಆದ್ದರಿಂದ ನನ್ನ ಕೋರಿಕೆ ಅಂಗಡಿಗಳ ಮುಂಭಾಗಕ್ಕಷ್ಟೇ ಸಂಬಂಧಿಸಿದ್ದು. ಕೊಡಗಿನ ಹಳೆಯ ಪೇಟೆ ಬೀದಿಗಳಲ್ಲಿ ಹೊಸ ಕಟ್ಟಡಕ್ಕೆ ಪರವಾನಗಿ ಕೊಡುವಾಗ ನೆಲಮಹಡಿಯ ಮುಂದೆ ಸೂರಿರುವ ನಡೆದಾರಿಯನ್ನು ಬಿಡಬೇಕು, ಅದು ಅಕ್ಕಪಕ್ಕದ ಅಂಗಡಿಗಳದಕ್ಕೆ ಕೂಡಿಕೊಳ್ಳಬೇಕು ಎಂಬ ಷರತ್ತನ್ನು ಸ್ಥಳೀಯ ಆಡಳಿತಗಳು ಸೇರಿಸಲಿ. ಹಾಗೆ ಬಿಟ್ಟುಕೊಟ್ಟ ಜಾಗದ ಮೇಲೆ ಮಹಡಿ ಕಟ್ಟಿಕೊಳ್ಳಲು ಮಾಲೀಕರಿಗೆ ಅವಕಾಶ ಕೊಟ್ಟರೆ ಅವರಿಗೂ ನಷ್ಟವಿಲ್ಲ. ಜಗಲಿಯ ಎತ್ತರ ವಯಸ್ಸಾದವರಿಗೆ, ಗಾಲಿಕುರ್ಚಿಯಲ್ಲಿ ಬರುವವರಿಗೆ ಕಷ್ಟವೆಂಬ ಮಾತು ಸರಿಯಾದದ್ದೇ. ಹೇರೆತ್ತಿನ ಕಾಲದ ಎತ್ತರ ಇಂದು ಬೇಕಿಲ್ಲ, ಬೀದಿಯ ಎರಡು ತುದಿಯಲ್ಲಿ ಇಳಿಜಾರು ಮಾಡಿಸಿ ಮಟ್ಟವನ್ನು ತಗ್ಗಿಸಬಹುದು. ಉಳಿದಿರುವ ಹೆಂಚಿನ ಮಾಡಿನ ಅಂಗಡಿಗಳನ್ನು ದುರಸ್ತಿ ಮಾಡಿಸಿ ಬಳಸುವವರಿಗೆ ಆಸ್ತಿ ತೆರಿಗೆಯಲ್ಲಿ ಸ್ವಲ್ಪ ರಿಯಾಯಿತಿ ಸಿಕ್ಕಿದರೆ ಕೆಡವುವ ಆತುರ ಕಡಿಮೆಯಾಗುತ್ತದೆ. ಇವೆಲ್ಲ ಆಗುವುದಕ್ಕೆ ಸಮಯ ಹಿಡಿಯುತ್ತದೆ ಎಂದಾದರೆ, ಕೆಡವಲು ಅನುಮತಿ ಕೊಡುವ ಮೊದಲು ಆ ಅಂಗಡಿಯ ಅಳತೆ ತೆಗೆದು, ಮುಂಭಾಗದ ಚಿತ್ರ ತೆಗೆದು, ಹೆಂಚಿನ ಮೇಲಿನ ಅಚ್ಚನ್ನು ಗುರುತು ಹಾಕಿಟ್ಟುಕೊಳ್ಳುವ ಕೆಲಸವನ್ನಾದರೂ ಬರುವ ಬೇಸಿಗೆಯಿಂದಲೇ ಆರಂಭಿಸಬಹುದು. ಅದಕ್ಕೆ ದೊಡ್ಡ ಹಣ ಬೇಕಾಗಿಲ್ಲ. ನಮ್ಮ ಕಾಲೇಜುಗಳ ಇತಿಹಾಸದ ವಿದ್ಯಾರ್ಥಿಗಳಿಗೆ ಒಂದು ಅಳತೆಪಟ್ಟಿ ಮತ್ತು ಒಂದು ವಾರ ಸಾಕು. ಬೀದಿಯ ಹಿರಿಯರು ಇನ್ನೂ ಕೆಲವರು ಇದ್ದಾರೆ, ಯಾವ ಜಗಲಿಯ ಮೇಲೆ ಯಾರು ಕೂರುತ್ತಿದ್ದರೆಂದು ಹೇಳಬಲ್ಲರು.

ನಮ್ಮ ಅಂಗಡಿಯ ಹನ್ನೊಂದು ಹಲಗೆಗಳೂ ಗಜದ ಮೊಳೆಯ ಸಮೇತ ಮನೆಯ ಅಟ್ಟದಲ್ಲಿವೆ. ಅಳತೆ ತೆಗೆಯಲು ಬರುವವರಿಗೆ ಅವುಗಳನ್ನು ಇಳಿಸಿ, ಅಂಕಿಯ ಕ್ರಮದಲ್ಲಿ ಜಗಲಿಯ ಮೇಲೆ ಜೋಡಿಸಿ ತೋರಿಸಲು ನಾನು ಸಿದ್ಧನಿದ್ದೇನೆ. ಬುಧವಾರ ಬಂದರೆ ಸಂತೆಯನ್ನೂ ನೋಡಬಹುದು.

ಇತಿ,
ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕ,
ವಿರಾಜಪೇಟೆ, ಕೊಡಗು